ಕ್ಯಾಸೆಟ್ಟಿನ ಎರಡನೇ ಮಗ್ಗುಲು

ನಾನು ಚಿಕ್ಕವಳಿದ್ದಾಗ, ಏಳನೇ ತರಗತಿಗೆ ಹೋಗುತ್ತಿದ್ದ ಆ ವರ್ಷ, ನಮ್ಮ ಇಡೀ ಶಾಲೆಯಲ್ಲಿ ಇದ್ದದ್ದು ಒಂದೇ ಒಂದು ಯಂತ್ರ. ಗೋಡೆ ಗಡಿಯಾರ ಕೂಡ ಇರಲಿಲ್ಲ. ಬಿಸಿಲು ಹೊಸ್ತಿಲು ದಾಟಿತೆಂದರೆ ಊಟದ ಬಿಡುವು ಆಯಿತೆಂದು ತಿಳಿಯುತ್ತಿದ್ದೆವು. ಆ ಒಂದು ಯಂತ್ರ ನಮ್ಮ ಮಾಸ್ತರರ ಟೇಪ್ ರೆಕಾರ್ಡರ್. ಅವರು ತಮ್ಮ ಪಗಾರದಲ್ಲಿ ಕೊಂಡದ್ದು. ಇಟ್ಟಂಗಿಯಷ್ಟು ದಪ್ಪ, ಕಪ್ಪು ಬಣ್ಣ, ಮುಂದೆ ಸಾಲಾಗಿ ಗುಂಡಿಗಳು. ಅವುಗಳಲ್ಲಿ ಒಂದು ಮಾತ್ರ ಕೆಂಪು. ಕೆಂಪು ಗುಂಡಿ ಒತ್ತಿದರೆ ಅದು ನಮ್ಮ ಮಾತು ಕೇಳಿಸಿಕೊಂಡು ಇಟ್ಟುಕೊಳ್ಳುತ್ತದೆ ಎಂದು ಮಾಸ್ತರರು ಹೇಳಿದ್ದರು. ಹಾಗಾಗಿ ಅದು ಮೇಜಿನ ಮೇಲಿದ್ದಾಗ ನಾವು ಪಿಸುಮಾತಿನಲ್ಲೂ ಜಗಳವಾಡುತ್ತಿರಲಿಲ್ಲ.

ನಮ್ಮದು ಮೂಡಲಗಿಯಿಂದ ಮೂರು ಮೈಲಿ ದೂರದ ಹಳ್ಳಿ. ಕಾಲುವೆ ನೀರಿನ ಊರು. ಚಳಿಗಾಲದಲ್ಲಿ ಶಾಲೆಯ ಕಿಟಕಿಯಿಂದ ಆಲೆಮನೆಯ ಬೆಲ್ಲದ ವಾಸನೆ ಒಳಗೆ ಬಂದು, ಹೊಟ್ಟೆ ತುಂಬಿದವರಿಗೂ ಹಸಿವಾಗುತ್ತಿತ್ತು. ಅಕ್ಕ ನನಗಿಂತ ಒಂದು ವರ್ಷಕ್ಕೆ ದೊಡ್ಡವಳು. ಇಬ್ಬರೂ ಜೊತೆಯಾಗಿ ನಡೆದು ಹೋಗಲಿ ಎಂದು ಅಪ್ಪ ನಮ್ಮಿಬ್ಬರನ್ನೂ ಒಂದೇ ತರಗತಿಗೆ ಹಾಕಿದ್ದ. ಆದರೆ ತರಗತಿಯಲ್ಲಿ ನಾನು ಮುಂದೆ, ಅವಳು ಹಿಂದೆ. ನನಗೆ ಪಾಠವೆಲ್ಲ ಬಾಯಿಪಾಠ. ಯಾವ ಸಾಲು ಯಾವ ಪುಟದಲ್ಲಿದೆ ಎಂಬುದೂ ಗೊತ್ತು. ಅಕ್ಕ ಒಂದೇ ಸಾಲಿನ ಹತ್ತಿರ ಸಿಕ್ಕಿಕೊಂಡು, ಅದನ್ನೇ ನೋಡುತ್ತ ಕೂರುತ್ತಿದ್ದಳು. ಊರವರು ನನ್ನನ್ನು ಜಾಣೆ ಎನ್ನುತ್ತಿದ್ದರು. ನಾನೂ ಹಾಗೆಯೇ ತಿಳಿದುಕೊಂಡಿದ್ದೆ.

ಆ ವರ್ಷ ದಸರೆಯ ಹೊತ್ತಿಗೆ ಅಕ್ಕ ಎತ್ತುಗಳಿಗೆ ಮೇವು ತೆಗೆಯಲು ಜೋಳದ ಕಣಿಕೆಯ ಬಣವೆ ಹತ್ತಿ, ಕಾಲು ಜಾರಿ ಕೆಳಗೆ ಬಿದ್ದಳು. ತೊಡೆಯ ಎಲುಬು ಮುರಿಯಿತು. ಸೊಂಟದಿಂದ ಹಿಮ್ಮಡಿಯವರೆಗೆ ಬಿಳಿ ಪ್ಲಾಸ್ಟರ್ ಹಾಕಿ, ಮೂರು ತಿಂಗಳು ಅಲುಗಾಡಬಾರದು ಎಂದರು ಡಾಕ್ಟರು. ಪಡಸಾಲೆಯ ಹೊರಸು, ಆ ಹಗ್ಗದ ಮಂಚವೇ, ಅವಳ ಲೋಕವಾಯಿತು. ಏಳನೇ ತರಗತಿಗೆ ಆಗ ದೊಡ್ಡ ಪರೀಕ್ಷೆ ಇತ್ತು. ಅದು ತಪ್ಪಿದರೆ ತಪ್ಪಲಿ, ಹೆಣ್ಣುಮಗಳು ಓದಿದ್ದು ಸಾಕು ಎಂದು ಅಪ್ಪ ಅವ್ವನ ಮುಂದೆ ಹೇಳಿದ. ಕಾಲು ನೆಟ್ಟಗಾದ ಮೇಲೆ ಎಲ್ಲಾದರೂ ಒಂದು ಮನೆ ನೋಡೋಣ ಎಂದೂ ಹೇಳಿದ. ಅಕ್ಕನಿಗೆ ಆಗ ಇನ್ನೂ ಹದಿಮೂರು. ಆ ಕಾಲದಲ್ಲಿ ಇಂಥ ಮಾತು ಕೇಳಿ ಯಾರೂ ಬೆಚ್ಚಿಬೀಳುತ್ತಿರಲಿಲ್ಲ. ಅಪ್ಪ ಕೆಟ್ಟವನೂ ಆಗಿರಲಿಲ್ಲ. ಮುರಿದ ಕಾಲಿನ ಮಗಳನ್ನು ಮುಂದೆ ಯಾರು ಕೇಳುತ್ತಾರೋ ಎಂಬ ಭಯ ಅವನಿಗಿತ್ತು.

ಮಾಸ್ತರರು ದಿನವೂ ಹಾಜರಿ ಕರೆಯುವಾಗ ಅಕ್ಕನ ಹೆಸರಿನ ಹತ್ತಿರ ಒಂದು ಗಳಿಗೆ ನಿಲ್ಲುತ್ತಿದ್ದರು. ಒಂದು ಮಧ್ಯಾಹ್ನ ಅವರು ಟೇಪನ್ನು ಮೇಜಿನ ಮೇಲಿಟ್ಟು, ಹೊಸ ಕ್ಯಾಸೆಟ್ ಹಾಕಿದರು. ಇವತ್ತಿನ ಪಾಠ ಆಕೆಗೆ ಮುಟ್ಟಬೇಕು, ಯಾರು ಹೇಳುತ್ತೀರಿ ಎಂದು ಕೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಪಾಠವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದಕ್ಷರ ತಪ್ಪದಂತೆ ಒಪ್ಪಿಸಿದೆ. ಸಂಜೆ ಟೇಪನ್ನು ಟವೆಲ್ಲಿನಲ್ಲಿ ಸುತ್ತಿ, ಮಗುವಿನಂತೆ ಎದೆಗವಚಿಕೊಂಡು ಮನೆಗೆ ಒಯ್ದೆ. ಮೊದಲ ಮಗ್ಗುಲು ನಮ್ಮದು, ಎರಡನೇ ಮಗ್ಗುಲು ಅಕ್ಕನದು ಎಂದು ಮಾಸ್ತರರು ಹೇಳಿ ಕಳಿಸಿದ್ದರು. ಅವಳಿಗೆ ಏನು ಅನ್ನಿಸುತ್ತದೆಯೋ ಅದನ್ನು ಅವಳು ತುಂಬಿ ಕಳಿಸಬೇಕು.

ಮರುದಿನ ಮಾಸ್ತರರು ಎರಡನೇ ಮಗ್ಗುಲು ಹಚ್ಚಿದರು. ಮೊದಲು ನಮ್ಮ ಮನೆಯ ಕೋಳಿ ಕೂಗಿತು. ಆಮೇಲೆ ಅಕ್ಕನ ಧ್ವನಿ ಬಂತು, ನಿಧಾನವಾಗಿ, ಮಲಗಿದವರ ಧ್ವನಿ.

"ನೀ ಪುಸ್ತಕ ಓದಿ ಕಳಿಸೀದಿ. ಪುಸ್ತಕ ನನ್ನ ಕಡೆನೂ ಐತಿ. ಅದು ತಿಳೀವಲ್ದು ಅಂತನ ನಾ ಕೇಳಾಕತ್ತೇನಿ."

ತರಗತಿ ನಕ್ಕಿತು. ಅವತ್ತು ಸಂಜೆ ನಾನು ಅಕ್ಕನ ಜೊತೆ ಮಾತಾಡಲಿಲ್ಲ. ಅವಳು ನೀರು ಕೇಳಿದರೆ ತಂಬಿಗೆಯನ್ನು ಕೈಗೆ ಕೊಡದೆ ಹೊರಸಿನ ಪಕ್ಕ ಕುಕ್ಕಿ ಬಂದೆ. ಈಗ ಹೇಳಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆ.

ಆಮೇಲೆ ಪಾಠ ಹೇಳುವ ಸರದಿ ಎಲ್ಲರಿಗೂ ಬಂತು. ಆಗ ನಮ್ಮ ತರಗತಿಯಲ್ಲಿ ಒಂದು ಬದಲಾವಣೆ ಆಯಿತು. ಮಾಸ್ತರರು ಪಾಠ ಮಾಡುವಾಗ ಮೊದಲು ಕಿಟಕಿಯಿಂದ ಹೊರಗೆ ನೋಡುತ್ತಿದ್ದವರು ಈಗ ಅವರ ಬಾಯಿಯನ್ನೇ ನೋಡತೊಡಗಿದರು. ಸಂಜೆ ತಾವು ಹೇಳಬೇಕಲ್ಲ. ಹೇಳಿದ್ದು ಅಕ್ಕನಿಗೆ ತಿಳಿಯದಿದ್ದರೆ ಬೆಳಿಗ್ಗೆ ಎಲ್ಲರೆದುರು ಅವಳ ಪ್ರಶ್ನೆ ಬರುತ್ತದಲ್ಲ. ಭಿನ್ನರಾಶಿ ಹೇಳುವವರು ರೊಟ್ಟಿ ಮುರಿಯುವ ಸದ್ದನ್ನು ತುಂಬಿದರು. ಹೃದಯದ ಪಾಠ ಹೇಳಿದವಳು ಓಡಿಬಂದು ತನ್ನ ಎದೆಗೆ ಟೇಪನ್ನು ಒತ್ತಿ ಹಿಡಿದಳು. ಆ ಡಬಡಬ ಕೇಳಿಸಲೇ ಇಲ್ಲ, ಅವಳ ಏದುಸಿರು ಮಾತ್ರ ಬಂತು. ಅದಕ್ಕೂ ಅಕ್ಕನಿಂದ ಒಂದು ಪ್ರಶ್ನೆ ಬಂತು, ಓಡಿದರೆ ಉಸಿರು ಯಾಕೆ ಹೆಚ್ಚಾಗುತ್ತದೆ ಎಂದು. ಟೇಪಿನ ಬ್ಯಾಟರಿ ಶೆಲ್ಲುಗಳ ಶಕ್ತಿ ಇಳಿದಾಗ ನಮ್ಮ ಧ್ವನಿಗಳೆಲ್ಲ ಮುದುಕರ ಧ್ವನಿಯಾಗುತ್ತಿದ್ದವು. ಆಗ ಶೆಲ್ಲುಗಳನ್ನು ಬಿಸಿಲಿಗೆ ಇಟ್ಟು ಕಾಯುತ್ತಿದ್ದೆವು.

ಹೀಗೆ ಒಂದು ದಿನ ಅಣೆಕಟ್ಟು ಮತ್ತು ಕಾಲುವೆಗಳ ಪಾಠ ನನ್ನ ಪಾಲಿಗೆ ಬಂತು. ಈ ಸಲ ಸೋಲಬಾರದೆಂದು ಕಷ್ಟಪಟ್ಟು, ಸುಲಭ ಮಾಡಿ ಹೇಳಿದೆ. ಧುಪದಾಳದಲ್ಲಿ ಘಟಪ್ರಭಾ ಹೊಳೆಗೆ ಅಡ್ಡಗಟ್ಟೆ ಕಟ್ಟಿದ್ದಾರೆ, ಅಲ್ಲಿ ನಿಂತ ನೀರು ಕಾಲುವೆಯಲ್ಲಿ ನಮ್ಮ ಹೊಲಕ್ಕೆ ಬರುತ್ತದೆ ಎಂದೆ. ಮರುದಿನ ಅಕ್ಕನ ಪ್ರಶ್ನೆ ಬಂತು.

"ನಮ್ಮ ಹೊಲ ಹೊಳಿಗಿಂತ ಮ್ಯಾಲೈತಿ. ಹೊಳಿಗೆ ಹೋಗಾಕ ನಾವು ಇಳಕೊಂತ ಹೋಗ್ತೇವಿ. ಮತ್ತ ಹೊಳಿ ನೀರು ನಮ್ಮ ಹೊಲಕ್ಕ ಹೆಂಗ ಏರಿ ಬರತೈತಿ?"

ಯಾರೂ ನಗಲಿಲ್ಲ. ಹುಟ್ಟಿದಾಗಿನಿಂದ ನಾವೆಲ್ಲ ಆ ಕಾಲುವೆಯಲ್ಲಿ ಈಜಿದವರು, ಎಮ್ಮೆ ಮೈ ತೊಳೆದವರು. ಆ ಪ್ರಶ್ನೆ ಒಬ್ಬರಿಗೂ ಬಂದಿರಲಿಲ್ಲ. ನಾವು ಮಾಸ್ತರರ ಮುಖ ನೋಡಿದೆವು. ಅವರು ಟೇಪು ನಿಲ್ಲಿಸಿ, ಕನ್ನಡಕ ತೆಗೆದು ಒರೆಸಿಕೊಂಡರು. ಅಡ್ಡಗಟ್ಟೆ ನೀರನ್ನು ಎತ್ತರಿಸುತ್ತದೆ ಎಂಬುದು ತಮಗೆ ಗೊತ್ತು, ಆದರೆ ಇಷ್ಟು ದೂರ, ಇಷ್ಟು ಮೇಲೆ ಹೇಗೆ ಬರುತ್ತದೆ ಎಂಬುದು ಗೊತ್ತಿಲ್ಲ ಎಂದರು. ಗೊತ್ತಿಲ್ಲ ಎಂದು ಒಬ್ಬ ಮಾಸ್ತರರು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹೋಗಿ ನೋಡೋಣ ಎಂದರು.

ನಾನು ಹೇಳಬೇಕೆಂದಿರುವ ದಿನ ಅದೇ, ನಾವು ಹೋಗಿ ನೋಡಿದ ದಿನ. ಕಾರ್ತಿಕ ಕಳೆದು ಚಳಿ ಬಿದ್ದಿತ್ತು. ಊರಿನ ಒಂದು ಟ್ರ್ಯಾಕ್ಟರ್ ಸಾಮಾನು ತರಲು ಘಟಪ್ರಭಾ ಕಡೆ ಖಾಲಿ ಹೊರಟಿತ್ತು. ಅದರ ಟ್ರೇಲರಿನಲ್ಲಿ ಹುಲ್ಲು ಹಾಸಿ, ಹದಿನಾಲ್ಕು ಮಕ್ಕಳು ಮತ್ತು ಮಾಸ್ತರರು ಕೂತೆವು. ನಾವು ಹೊರಡುವಷ್ಟರಲ್ಲಿ ಅಪ್ಪನೂ ಬಂದು ಹತ್ತಿದ. ಇಸ್ತ್ರಿ ಮಾಡಿದ ಧೋತರ, ತಲೆಗೆ ಹೊಸ ಪಟಗ, ಕೈಯಲ್ಲಿ ಚೀಲ. ಧುಪದಾಳದಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲಿ ಹುಕ್ಕೇರಿಗೆ ಹೋಗುತ್ತೇನೆ ಎಂದು ಮಾಸ್ತರರಿಗೆ ಹೇಳಿದ. ಯಾಕೆಂದು ಹೇಳಲಿಲ್ಲ. ನನಗೆ ಗೊತ್ತಿತ್ತು. ಹುಕ್ಕೇರಿಯಲ್ಲಿ ನಮ್ಮ ದೂರದ ಬಳಗದ ಒಂದು ಮನೆ ಇತ್ತು, ಅಲ್ಲೊಬ್ಬ ಹುಡುಗನಿದ್ದ. ಚೀಲದಲ್ಲಿ ಎಲೆ, ಅಡಿಕೆ ಮತ್ತು ಒಂದು ತೆಂಗಿನಕಾಯಿ ಇತ್ತು. ಬೆಳಿಗ್ಗೆ ಅವ್ವ ಅದನ್ನು ಕಟ್ಟಿ ಕೊಡುವಾಗ ಅಕ್ಕ ಹೊರಸಿನ ಮೇಲಿಂದ ನೋಡುತ್ತಿದ್ದಳು. ನನ್ನನ್ನು ಹತ್ತಿರ ಕರೆದು, ಅಡ್ಡಗಟ್ಟೆಯ ನೀರಿನ ಸದ್ದು ತುಂಬಿಕೊಂಡು ಬಾ ಎಂದಷ್ಟೇ ಹೇಳಿದಳು.

ದಾರಿಯಲ್ಲಿ ಮೊದಲು ಗೋಕಾಕದ ಜಲಪಾತ ನೋಡಿದೆವು. ಮಳೆಗಾಲ ಮುಗಿದಿದ್ದರಿಂದ ನೀರು ತೆಳ್ಳಗಾಗಿ, ಕರೀ ಬಂಡೆಯ ಮೇಲೆ ಬಿಳಿ ಸೆರಗು ಇಳಿಬಿಟ್ಟ ಹಾಗೆ ಬೀಳುತ್ತಿತ್ತು. ಕೊಳ್ಳ ಎಷ್ಟು ಆಳವಿತ್ತೆಂದರೆ ಕೆಳಗೆ ಹಾರುವ ಪಾರಿವಾಳಗಳ ಬೆನ್ನು ನಮಗೆ ಕಾಣುತ್ತಿತ್ತು. ಅಪ್ಪ ನನ್ನ ಫ್ರಾಕನ್ನು ಹಿಂದಿನಿಂದ ಗಟ್ಟಿಯಾಗಿ ಹಿಡಿದು ನಿಂತಿದ್ದ. ಅಲ್ಲಿಂದ ಮುಂದೆ ಧುಪದಾಳ. ಹೊಳೆಗೆ ಅಡ್ಡವಾಗಿ ಉದ್ದಾನುದ್ದ ಕಲ್ಲಿನ ಗೋಡೆ, ಅದರ ಹಿಂದೆ ಆಕಾಶವನ್ನೇ ಹಾಸಿದ ಹಾಗೆ ನಿಂತ ನೀರು. ಗಾಳಿಯಲ್ಲಿ ಪಾಚಿಯ ವಾಸನೆ, ಮೀನಿನ ವಾಸನೆ. ಒಂದು ಬದಿಯಲ್ಲಿ ಕಾಲುವೆಯ ಬಾಗಿಲುಗಳು. ನಮ್ಮ ಊರಿನ ಕಾಲುವೆ ಹುಟ್ಟುವುದು ಅಲ್ಲಿ. ನಾನು ಬಗ್ಗಿ ಕುಳಿತು ಕೆಂಪು ಗುಂಡಿ ಒತ್ತಿ ನೀರಿನ ಸದ್ದು ತುಂಬಿಕೊಂಡೆ. ಅಪ್ಪ ಮಾಸ್ತರರಿಗೆ ಕೈಮುಗಿದು ಬಸ್ಸಿನ ದಾರಿ ಹಿಡಿದ. ಅವನ ಪಟಗ ದೂರವಾಗುವುದನ್ನು ನೋಡುತ್ತ ನಿಂತೆ. ಅಕ್ಕ ಮನೆಯಲ್ಲಿ ಇಲ್ಲದ ದಿನವನ್ನು ನಾನು ಅದುವರೆಗೆ ಯೋಚಿಸಿರಲಿಲ್ಲ.

ಮಾಸ್ತರರು ಎಲ್ಲರನ್ನೂ ಕೂರಿಸಿ, ನೋಡಿದಿರಲ್ಲ, ಈಗ ಆಕೆಯ ಪ್ರಶ್ನೆಗೆ ಏನು ಹೇಳುತ್ತೀರಿ ಎಂದು ಕೇಳಿದರು. ಒಬ್ಬ ಪಂಪು ಹಚ್ಚಿರಬೇಕು ಎಂದ. ಇನ್ನೊಬ್ಬಳು ಹಿಂದಿನ ನೀರು ಮುಂದಿನ ನೀರನ್ನು ನೂಕಿ ನೂಕಿ ಏರಿಸುತ್ತದೆ ಎಂದಳು. ವಾದ ಜೋರಾಯಿತು. ಆಗ ನೋಡಿದರೆ ಬಸ್ಸಿನ ದಾರಿಯಲ್ಲೇ ಅಪ್ಪ ನಿಂತುಬಿಟ್ಟಿದ್ದ. ಸ್ವಲ್ಪ ಹೊತ್ತು ಬೆನ್ನು ನಮ್ಮ ಕಡೆ ಮಾಡಿಕೊಂಡೇ ಕೇಳಿದ. ಆಮೇಲೆ ತಿರುಗಿ ಬಂದು, ಚೀಲವನ್ನು ಕಲ್ಲಿನ ಮೇಲಿಟ್ಟ.

"ನೀರು ಏರೂದಿಲ್ರಿ ಮಾಸ್ತರ," ಎಂದ. "ನೀರು ಎಂದೂ ಏರೂದಿಲ್ಲ. ಹೊಳಿ ಇಳೀತೈತಿ. ಕಾಲುವಿ ಹೊಳಿಯಷ್ಟು ಇಳ್ಯಾಂಗಿಲ್ಲ. ಅಷ್ಟ."

ನಮಗೆ ತಿಳಿಯಲಿಲ್ಲ. ಅಪ್ಪ ಧೋತರ ಎತ್ತಿಕಟ್ಟಿ, ದಂಡೆಯ ಇಳಿಜಾರಿನ ಉಸುಕಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತ. ಇಸ್ತ್ರಿ ಹಾಳಾಗುತ್ತದೆ ಎಂಬುದು ಅವನಿಗೆ ನೆನಪಿರಲಿಲ್ಲ. ಮೇಲೆ ಒಂದು ಚಿಕ್ಕ ಗುಂಡಿ ತೋಡಿದ. ಅದರಿಂದ ಬೆರಳಲ್ಲಿ ಎರಡು ಗೆರೆ ಎಳೆದ. ಒಂದು ಇಳಿಜಾರಿನಲ್ಲಿ ನೇರ ಕೆಳಗೆ ಹೋಯಿತು. ಇನ್ನೊಂದು ಅಡ್ಡಡ್ಡಲಾಗಿ, ಇಳಿಯುತ್ತದೆಯೋ ಇಲ್ಲವೋ ಎನ್ನುವ ಹಾಗೆ ಸಾಗಿತು. ಗುಂಡಿಗೆ ನೀರು ಸುರಿಯಲು ಹೇಳಿದ. ನೀರು ಎರಡೂ ಗೆರೆಯಲ್ಲಿ ಹರಿಯಿತು. ನೇರ ಗೆರೆಯ ನೀರು ಕ್ಷಣದಲ್ಲಿ ಕೆಳಗೆ ಜಾರಿಹೋಯಿತು. ಅಡ್ಡ ಗೆರೆಯದು ನಿಧಾನವಾಗಿ ನಡೆದು ತುದಿ ಮುಟ್ಟಿದಾಗ, ಕೆಳಗಿನ ನೀರಿಗಿಂತ ಒಂದು ಮೊಳ ಮೇಲಿತ್ತು. ಅದು ಒಂದು ಕೂದಲೆಳೆಯಷ್ಟೂ ಮೇಲೆ ಹತ್ತಿರಲಿಲ್ಲ. ಇನ್ನೊಂದು ಕೆಳಗೆ ಬಿದ್ದಿತ್ತು, ಅಷ್ಟೇ.

ಆಗ ನನಗೆ ಬೆಳಿಗ್ಗೆ ನೋಡಿದ ಜಲಪಾತ ಕಣ್ಣ ಮುಂದೆ ಬಂತು. ಹೊಳೆ ಗೋಕಾಕದಲ್ಲಿ ಕೊಳ್ಳಕ್ಕೆ ಬಿದ್ದುಬಿಡುತ್ತದೆ. ಕಾಲುವೆ ಬೀಳುವುದಿಲ್ಲ. ಗುಡ್ಡದ ಮಗ್ಗುಲಲ್ಲೇ ಎತ್ತರ ಕಾಯ್ದುಕೊಂಡು ನಮ್ಮ ಊರಿಗೆ ಬರುತ್ತದೆ. ನಾನು ಅದನ್ನು ಗಟ್ಟಿಯಾಗಿ ಹೇಳಿಯೇಬಿಟ್ಟೆ. ಅಪ್ಪ ನನ್ನ ಮುಖ ನೋಡಿ, ಹೌದೆಂದು ತಲೆ ಆಡಿಸಿದ. ಚಿಕ್ಕಂದಿನಲ್ಲಿ ತಾನೂ ತನ್ನ ಅಪ್ಪನೂ ಇದೇ ಕಾಲುವೆಯ ಹೂಳು ತೆಗೆಯುವ ಕೂಲಿಗೆ ಬರುತ್ತಿದ್ದೆವು ಎಂದು ಆಮೇಲೆ ಹೇಳಿದ. ಅದೂ ನನಗೆ ಗೊತ್ತಿರಲಿಲ್ಲ.

ಮಾಸ್ತರರು ಟೇಪನ್ನು ಅಪ್ಪನ ಮುಂದೆ ಹಿಡಿದರು. ಅಪ್ಪ ಹಿಂದೆ ಸರಿದ. "ಈ ಡಬ್ಬಿಗ್ಯಾಕ್ರಿ? ಮನ್ಯಾಗ ಆಕಿಗೆ ನಾನ ಹೇಳ್ತೇನಿ."

"ಮನ್ಯಾಗ ಹೇಳಿದ್ರ ಆಕಿಗೊಬ್ಬಾಕಿಗೇ ಆಕ್ಕೈತ್ರಿ," ಎಂದರು ಮಾಸ್ತರರು. "ಇದು ನಮ್ಮ ಸಾಲಿ ಹುಡುಗರಿಗೂ ಬೇಕು. ನನಗೂ ಬೇಕು."

ಅಪ್ಪ ಪಟಗ ಸರಿಮಾಡಿಕೊಂಡು, ಆಚೆ ಹೊಲದವರನ್ನು ಕೂಗುವಷ್ಟು ಗಟ್ಟಿಯಾಗಿ ಹೇಳಿದ. ಆದರೆ ಗೆರೆ ಎಳೆದದ್ದನ್ನು ಟೇಪು ನೋಡಲಾರದಲ್ಲ. ಅಕ್ಕ ನೋಡಿರಲಿಲ್ಲವಲ್ಲ. ಅದನ್ನು ನನಗೆ ಹೇಳಲು ಕೊಟ್ಟರು. ನಾನು ಪುಸ್ತಕದ ಮಾತಿನಲ್ಲಿ ಶುರುಮಾಡಿ, ಒಂದು ಸಾಲಿಗೇ ನಿಲ್ಲಿಸಿದೆ. ಪುಸ್ತಕದಲ್ಲಿ ಈ ಉಸುಕು ಇರಲಿಲ್ಲ. ಮತ್ತೆ ಕೆಂಪು ಗುಂಡಿ ಒತ್ತಿ, ಅಕ್ಕ ನನ್ನ ಪಕ್ಕದಲ್ಲೇ ಕುಳಿತಿದ್ದಾಳೆ ಎಂದುಕೊಂಡು, ನಮ್ಮ ಮನೆಯ ಮಾತಿನಲ್ಲಿ ಹೇಳಿದೆ. ಉಸುಕಿನ ಗುಂಡಿ ಎಷ್ಟು ದೊಡ್ಡದು, ಯಾವ ಗೆರೆ ಎಲ್ಲಿ ಹೋಯಿತು, ಯಾವ ನೀರು ಮೊದಲು ಮುಟ್ಟಿತು ಎಲ್ಲವನ್ನೂ. ಹೇಳುತ್ತ ಹೇಳುತ್ತ ನನಗೇ ಇನ್ನೂ ಚೆನ್ನಾಗಿ ತಿಳಿಯುತ್ತಿತ್ತು. ಅಷ್ಟರಲ್ಲಿ ಹುಕ್ಕೇರಿಯ ಬಸ್ಸು ಹಾರ್ನ್ ಹಾಕುತ್ತ ಹೋಯಿತು. ಅಪ್ಪ ಅತ್ತ ನೋಡಿ, ನಾಳೆ ಹೋದರಾಯಿತು ಎಂದ.

ಹೊತ್ತು ಮುಳುಗುವಾಗ ಮನೆ ಮುಟ್ಟಿದೆವು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಟೇಪನ್ನು ಹೊರಸಿನ ಮೇಲೆ ಅಕ್ಕನ ಕಿವಿಯ ಹತ್ತಿರ ಇಟ್ಟೆ. ಮೊದಲು ನೀರಿನ ಸದ್ದು ಬಂದಾಗ ಅಕ್ಕ ಕಣ್ಣು ಮುಚ್ಚಿದಳು. ಅಪ್ಪನ ಧ್ವನಿ ಬಂದಾಗ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅಪ್ಪ ಕಂಬಕ್ಕೆ ಒರಗಿ ಕುಳಿತು, ತನ್ನ ಮಾತನ್ನು ತಾನೇ, ಬೇರೆ ಯಾರದೋ ಮಾತು ಎನ್ನುವ ಹಾಗೆ ಕೇಳುತ್ತಿದ್ದ. ಅಕ್ಕ ಹಿಂದಕ್ಕೆ ತಿರುಗಿಸಿ ಮೂರು ಸಲ ಹಚ್ಚಿಸಿದಳು. ಪ್ಲಾಸ್ಟರಿನ ಮೇಲೆ ಬೆರಳಿಂದ ಎರಡು ಗೆರೆ ಎಳೆದು ನೋಡಿದಳು. ಆಮೇಲೆ ನೇರ ಅಪ್ಪನನ್ನೇ ಕೇಳಿದಳು.

"ಅಪ್ಪಾ, ಮತ್ತ ಕಾಲುವಿ ತೋಡೂಕಿಂತ ಮೊದಲ, ಎಲ್ಲಿ ಎಷ್ಟು ಇಳಸಬೇಕು ಅನ್ನೂದು ಅವರಿಗೆ ಹೆಂಗ ಗೊತ್ತಾತು? ಅಷ್ಟು ದೂರ, ಗುಡ್ಡ ಅಡ್ಡ ಇದ್ದಾಗ?"

ಅಪ್ಪ ನೆಲದ ಮೇಲೆ ಬೆರಳಿಂದ ಒಂದು ಅಡ್ಡ ಗೆರೆ ಎಳೆದು, ಅರ್ಧಕ್ಕೇ ನಿಲ್ಲಿಸಿದ.

"ಅದು ನನಗ ತಿಳ್ಯಾಂಗಿಲ್ಲವ್ವಾ," ಎಂದ. "ಅದನ್ನ ಓದಿದವರ ಹೇಳಬೇಕು."

ಅಕ್ಕ ಅವನನ್ನೇ ನೋಡುತ್ತಿದ್ದಳು. ಒಲೆಯಲ್ಲಿ ಕಟ್ಟಿಗೆ ಚಟಪಟ ಎನ್ನುತ್ತಿತ್ತು. ಅಪ್ಪ ಎದ್ದು, ಗೂಟಕ್ಕೆ ಹಾಕಿದ್ದ ಚೀಲ ತೆಗೆದ. ಒಳಗಿನಿಂದ ತೆಂಗಿನಕಾಯಿ ತೆಗೆದು, ಒಂದು ಸಲ ಕಿವಿಯ ಹತ್ತಿರ ಅಲುಗಾಡಿಸಿ, ಅವ್ವನ ಮುಂದೆ ಇಟ್ಟ.

"ಚಟ್ನಿ ಅರಿ," ಎಂದ.

ಅವ್ವ ಕೂಡಲೇ ಕಾಯಿ ಒಡೆದಳು. ಅಂಥ ರುಚಿಯ ಚಟ್ನಿಯನ್ನು ನಾನು ಆಮೇಲೆ ತಿಂದಿಲ್ಲ.

ಅಪ್ಪ ಮರುದಿನವೂ ಹುಕ್ಕೇರಿಗೆ ಹೋಗಲಿಲ್ಲ. ಅವನ ಮಾತನ್ನು ಇಡೀ ತರಗತಿ ಕೇಳಿತು. ಮಾಸ್ತರರು ಅದನ್ನು ಕೇಳುತ್ತ ಬೋರ್ಡಿನ ಮೇಲೆ ಚಿತ್ರ ಬರೆದರು. ಪ್ಲಾಸ್ಟರ್ ಬಿಚ್ಚಿದ ಮೇಲೆ ಅಕ್ಕ ಕುಂಟುತ್ತಲೇ ಶಾಲೆಗೆ ಮರಳಿದಳು. ಪರೀಕ್ಷೆಗೆ ಅಪ್ಪನೇ ಗಾಡಿ ಕಟ್ಟಿ ಕರೆದೊಯ್ದ. ನನಗೆ ಅವಳಿಗಿಂತ ಹೆಚ್ಚು ಅಂಕ ಬಂದವು. ಆದರೆ ನಮ್ಮಿಬ್ಬರಲ್ಲಿ ಜಾಣೆ ಯಾರೆಂಬ ಬಗ್ಗೆ ಆ ಹೊತ್ತಿಗೆ ನನ್ನ ಅಭಿಪ್ರಾಯ ಬದಲಾಗಿತ್ತು. ಅವಳು ಮೂಡಲಗಿಯಲ್ಲಿ ಹತ್ತನೇ ತರಗತಿ ಪಾಸಾದಳು. ಅದಕ್ಕಿಂತ ಮುಂದೆ ಓದಿಸಲು ಅಪ್ಪನಿಂದ ಆಗಲಿಲ್ಲ. ಇಪ್ಪತ್ತು ದಾಟಿದ ಮೇಲೆ, ತಾನೇ ನೋಡಿ ಒಪ್ಪಿದವನನ್ನು ಮದುವೆಯಾಗಿ ಕಣಗಲಾ ಎಂಬ ಊರಿಗೆ ಹೋದಳು. ಈಗಲೂ ಅಲ್ಲಿ ಹೊಲಕ್ಕೆ ಪೈಪು ಹಾಕಿಸುವವರು ಅವಳನ್ನು ಕರೆದು ಇಳಿಜಾರು ತೋರಿಸುತ್ತಾರೆ. ನಾನು ಶಿಕ್ಷಕಿಯಾಗಿ, ಗೋಕಾಕದಲ್ಲಿ ಬಹಳ ವರ್ಷ ಕಲಿಸಿ ನಿವೃತ್ತಳಾದೆ.

ಈಗ ನನ್ನ ಮೊಮ್ಮಕ್ಕಳಿಬ್ಬರು ಇದೇ ಗೋಕಾಕದ ಶಾಲೆಗೆ ಹೋಗುತ್ತಾರೆ. ಅವರ ತರಗತಿಯ ಗೋಡೆಯ ಮೇಲೆ ಬೆರಳು ಮುಟ್ಟಿಸಿದರೆ ತಿರುಗುವ ಭೂಮಿ ಇದೆ. ಕೈಯಲ್ಲಿ ಟ್ಯಾಬ್ ಇದೆ. ನಾನು ಈ ಕತೆ ಹೇಳಿ ಮುಗಿಸುವುದರೊಳಗೆ ಮೊಮ್ಮಗ ಧುಪದಾಳದ ಅಡ್ಡಗಟ್ಟೆಯನ್ನು ಆಕಾಶದಿಂದ ನೋಡಿದ ಹಾಗೆ ತೋರಿಸಿದ. ಕಾಲುವೆ ಒಂದು ನೀಲಿ ದಾರದಂತೆ ಮೂಡಲಗಿಯ ಕಡೆ ಹೊರಟಿತ್ತು. ನನಗೆ ಸಂತೋಷವೇ ಆಯಿತು. ನಮ್ಮ ಕಾಲವೇ ಚೆಂದ ಎಂದು ನಾನು ಹೇಳುವವಳಲ್ಲ. ಆಗ ಇಂಥದ್ದೊಂದು ಅಕ್ಕನ ಹೊರಸಿನ ಮೇಲೆ ಇದ್ದಿದ್ದರೆ ಅವಳು ಎಲ್ಲಿಯವರೆಗೆ ಹೋಗುತ್ತಿದ್ದಳೋ ಯಾರಿಗೆ ಗೊತ್ತು.

ನಾನು ಒಂದೇ ಮಾತು ಕೇಳಿದೆ, ನಿಮ್ಮ ತರಗತಿಯಲ್ಲಿ ಇವತ್ತು ಯಾರು ಬಂದಿರಲಿಲ್ಲ ಎಂದು. ಮೊಮ್ಮಗಳು ಬೆರಳು ಮಡಚಿ ಎಣಿಸಿದಳು. ಒಬ್ಬಳು ಇಪ್ಪತ್ತು ದಿನದಿಂದ ಬಂದಿಲ್ಲ, ಅವಳಿಗೆ ತಮ್ಮ ಹುಟ್ಟಿದ್ದಾನೆ, ಅವಳ ಅವ್ವನಿಗೆ ಹುಷಾರಿಲ್ಲ ಎಂದಳು. ಆಮೇಲೆ ಟ್ಯಾಬನ್ನು ಮಡಿಲಿನಲ್ಲಿಟ್ಟುಕೊಂಡು ಅದನ್ನೇ ನೋಡುತ್ತ ಕುಳಿತಳು.

"ಆಕಿ ಮನಿ ನನಗ ಗೊತ್ತೈತಿ ಆಯಿ," ಎಂದಳು.

ಚಪ್ಪಲಿ ಹಾಕಿಕೊಂಡು, ಟ್ಯಾಬನ್ನು ಎದೆಗವಚಿಕೊಂಡು ಇಬ್ಬರೂ ಆ ಹುಡುಗಿಯ ಮನೆಗೆ ಹೊರಟರು. ಬಿಸಿಲು ಇನ್ನೂ ಇತ್ತು. ಬಾಗಿಲಲ್ಲಿ ನಿಂತು, ಕತ್ತಲಾಗುವುದರೊಳಗೆ ಬನ್ನಿ ಎಂದಷ್ಟೇ ನಾನು ಹೇಳಿದೆ.